ಹೂಂಗುಡುವವನು

“ಇಲ್ಲಿ ಏನಂತ ತುಂಬಿಸ್ಲಿ?”

ಪಂಚಾಯಿತಿ ಕಚೇರಿಯಲ್ಲಿ ಆಗ ಯಾರೂ ಇರಲಿಲ್ಲ. ಊಟದ ಹೊತ್ತು, ಫ್ಯಾನು ತನ್ನ ಪಾಡಿಗೆ ತಾನು ಕಿರುಗುಟ್ಟುತ್ತಿತ್ತು. ಆದರೂ ನಾನು ಗಟ್ಟಿಯಾಗಿಯೇ ಕೇಳಿಬಿಟ್ಟಿದ್ದೆ. ಕಂಪ್ಯೂಟರ್ ಪರದೆಯ ಮೇಲೆ ಪುಟ್ಟಗೌರಮ್ಮನವರ ಹೆಸರಿತ್ತು, ಅವರ ಪದ್ಯದ ಮೊದಲ ಸಾಲಿತ್ತು, ಅದರ ಪಕ್ಕದಲ್ಲಿ ‘ವಸ್ತು’ ಅನ್ನುವ ಕಡೆ ಏನೂ ಇರಲಿಲ್ಲ. ಉಳಿಸು ಅಂತ ಒತ್ತಿದಾಗಲೆಲ್ಲ ಕೆಂಪಕ್ಷರದಲ್ಲಿ ಒಂದೇ ಉತ್ತರ ಬರುತ್ತಿತ್ತು, ಈ ಜಾಗ ಖಾಲಿ ಇರುವಂತಿಲ್ಲ ಅಂತ. ಆ ನಿಯಮ ಬರೆದವನೂ ನಾನೇ.

ನಮ್ಮೂರಲ್ಲಿ ಪ್ರತಿಯೊಂದನ್ನೂ ಒಂದು ಪದ್ಯ ಹಿಡಿದುಕೊಂಡಿರುತ್ತದೆ. ಸಂತೆಪೇಟೆಯ ಬಾವಿಗೆ ಒಂದು, ಗಡಿಯಾರದ ಕಂಬಕ್ಕೆ ಒಂದು, ದೇವಸ್ಥಾನದ ಮುಂದಿನ ನೆರಳಿಗೂ ಒಂದು. ಪದ್ಯ ಹಿಡಿದವರು ಬೆಳಗ್ಗೆ ಎದ್ದು ಮುಖ ತೊಳೆದು ಅದನ್ನು ರಾಗವಾಗಿ ಹೇಳಬೇಕು. ಎದುರಿಗೆ ಒಬ್ಬರು ಕೂತು ಸಾಲು ಮುಗಿದಾಗಲೆಲ್ಲ ಹೂಂಗುಡಬೇಕು. ಹೂಂ ಬೀಳದ ಪದ್ಯ ಗಾಳಿಗೆ ಹೋಗುತ್ತದೆ. ಹೋದ ಬೇಸಿಗೆಯಲ್ಲಿ ಬಡಗಿಬೀದಿಯ ಗಂಡ ಹೆಂಡತಿ ಜಗಳವಾಡಿಕೊಂಡು, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಹೂಂ ಅನ್ನದೆ ಬೆನ್ನು ತಿರುಗಿಸಿ ಕೂತರು. ಮಧ್ಯಾಹ್ನದ ಹೊತ್ತಿಗೆ ಆ ಬೀದಿಯ ಅರಳಿಕಟ್ಟೆಯೇ ಇರಲಿಲ್ಲ. ಸಂಜೆ ಹಿರಿಯರು ರಾಜಿ ಮಾಡಿಸಿ ಹೇಳಿಸಿದ ಮೇಲೆ ಕಟ್ಟೆಯೇನೋ ವಾಪಸು ಬಂತು, ಅದರ ಮೇಲೆ ಒಣಹಾಕಿದ್ದ ಸಂಡಿಗೆ ಮಾತ್ರ ಬರಲಿಲ್ಲ.

ಒಂದು ಗಂಟಲಿಗೆ ಒಂದೇ ಪದ್ಯ. ಚಿಕ್ಕ ವಯಸ್ಸಿನಲ್ಲಿ ಪ್ರತಿ ಮಗುವಿಗೂ ಅಂಗೈ ಮೇಲೆ ಒಂದು ಬೆಣಚುಕಲ್ಲು ಇಟ್ಟು, ಅದರದ್ದೊಂದು ಪುಟ್ಟ ಪದ್ಯ ಕಲಿಸಿ ನೋಡುತ್ತಾರೆ. ಎಲ್ಲರ ಕಲ್ಲೂ ನಿಂತಿತು, ನನ್ನದು ನಿಲ್ಲಲಿಲ್ಲ. ಮತ್ತೆ ಮತ್ತೆ ಇಟ್ಟರು, ಪದ್ಯ ಮುಗಿಯುವುದರೊಳಗೆ ಅಂಗೈ ಬರಿದಾಗುತ್ತಿತ್ತು. ಮೇಷ್ಟ್ರು ನನ್ನ ತಲೆ ಸವರಿ, “ನರಹರಿ, ನಿಂಗೆ ಭಗವಂತ ಕಿವಿ ಕೊಟ್ಟಿದಾನೆ, ಅದನ್ನೇ ಇಟ್ಕೊ” ಅಂದರು. ನನಗೆ ಅದರಿಂದ ದುಃಖವಾಗಲಿಲ್ಲ. ನಮ್ಮಮ್ಮ ಸಂಜೆ ದೀಪ ಹಚ್ಚಿ ಕಾವ್ಯ ಓದುತ್ತಿದ್ದಳು. ಅವಳ ಮುಂದೆ ಕೂತು ಕೇಳಿ ಕೇಳಿ, ಕೇಳುವುದೇ ನನ್ನ ಪೂಜೆಯಾಗಿತ್ತು. ಅಮ್ಮ ಹೋದ ಮೇಲೆ, ಅವಳು ಹೂಂಗುಡುತ್ತಿದ್ದ ಪುಟ್ಟಗೌರಮ್ಮನವರ ಮನೆಗೆ ದಿನಾ ಬೆಳಗ್ಗೆ ನಾನು ಹೋಗತೊಡಗಿದೆ. ಅವರು ನಮಗೆ ನೆಂಟರಲ್ಲ, ಪಕ್ಕದ ಬೀದಿಯವರು. ನಾನು ಅತ್ತೆ ಅನ್ನುತ್ತೇನೆ. ಅವರ ಪದ್ಯ ಹೀಗೆ ಶುರುವಾಗುತ್ತದೆ:

ಆರದಿರು ಕಿರುದೀವಿಗೆಯೆ ನೀ
ಜಾರದಿರು ಕಿರುಬೆರಳೆ ಕೈಯಿಂ

ದೀವಿಗೆ ಅಂತ ಬಂದಿದ್ದರಿಂದ ಅದು ದೇವಸ್ಥಾನದ ನಂದಾದೀಪದ್ದು ಅಂದುಕೊಂಡಿದ್ದೆ. ಆದರೆ ನಂದಾದೀಪಕ್ಕೆ ಬೇರೆ ಪದ್ಯವಿತ್ತು, ಅದನ್ನು ಅರ್ಚಕರ ಹೆಂಡತಿ ಹೇಳುತ್ತಿದ್ದರು. ಅದೂ ನನಗೆ ಗೊತ್ತಾದದ್ದು ಈ ಕೆಲಸ ಹಿಡಿದ ಮೇಲೆ.

ಯಾರು ಯಾವ ಪದ್ಯ ಹಿಡಿದಿದ್ದಾರೆ ಅನ್ನುವುದನ್ನೆಲ್ಲ ನಮ್ಮ ಕಚೇರಿಯ ಹಳೆಯ ಗುಮಾಸ್ತರು ತಲೆಯಲ್ಲೇ ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅಧ್ಯಕ್ಷರಾದ ಮರಿಲಿಂಗಪ್ಪನವರು ನನ್ನ ಮೇಜಿನ ಮುಂದೆ ಬಂದು ನಿಂತರು.

“ನರಹರಿ, ಅದೇನೋ ಪೈಥಾನು ಅನ್ನೋ ಕಂಪ್ಯೂಟರ್ ಭಾಷೆ ಕಲಿತಿದೀಯಂತಲ್ಲ.”

“ಸ್ವಲ್ಪ ಸ್ವಲ್ಪ ಸಾರ್.”

“ಸ್ವಲ್ಪ ಸಾಕು ಕಣಯ್ಯ, ಊರೂ ಸ್ವಲ್ಪವೇ ಇರೋದು. ನನ್ನ ಮೊಬೈಲಲ್ಲಿ ನೋಡಿದ್ರೆ ಯಾವ ಪದ್ಯ ಯಾರ ಹತ್ರ, ಅದು ಏನನ್ನ ಹಿಡಿದಿದೆ, ಅಷ್ಟು ಕಾಣಬೇಕು. ಪಾಪಣ್ಣನವರ ಕಥೆ ನೋಡ್ತಿದೀಯಲ್ಲ, ಇನ್ನು ಮೇಲೆ ಕಣ್ಣು ಮುಚ್ಕೊಂಡು ಕೂರೋ ಹಾಗಿಲ್ಲ.”

ಪಾಪಣ್ಣನವರು ಕಾಲುಸೇತುವೆಯ ಪದ್ಯ ಹಿಡಿದವರು. ವಯಸ್ಸಾಗಿತ್ತು. ಅವರಿಗೆ ಉಸಿರು ಹಿಡಿಯದೆ ಸಾಲು ತುಂಡಾದ ದಿನ ಸೇತುವೆಯಲ್ಲಿ ಅಷ್ಟಷ್ಟು ಹಲಗೆ ಇರುತ್ತಿರಲಿಲ್ಲ. ಜನ ಅದಕ್ಕೂ ಒಗ್ಗಿಕೊಂಡಿದ್ದರು. ಶಾಲೆಗೆ ಹೋಗುವ ಮಕ್ಕಳು ಮೊದಲು ಪಾಪಣ್ಣನವರ ಕಿಟಕಿಯ ಕೆಳಗೆ ನಿಂತು ಪದ್ಯ ಕೇಳಿಸಿಕೊಂಡು, ಎಲ್ಲಿ ತಡವರಿಸಿದರು ಅಂತ ನೆನಪಿಟ್ಟುಕೊಂಡು, ಅಲ್ಲಲ್ಲಿ ಜಿಗಿದು ದಾಟುತ್ತಿದ್ದರು. ಬಸುರಿಯರು, ಮುದುಕರು ಜಿಗಿಯುವುದು ಹೇಗೆ? ಶಾಲೆ ಆಚೆ ದಡದಲ್ಲಿತ್ತು, ಆಸ್ಪತ್ರೆ ಈಚೆ ದಡದಲ್ಲಿತ್ತು. ಮರಿಲಿಂಗಪ್ಪನವರ ಮಗಳು ಲೀಲಾಳನ್ನು ಕೊಟ್ಟಿದ್ದು ಆಚೆ ದಡಕ್ಕೆ, ಅವಳೀಗ ತುಂಬು ಬಸುರಿ. ಹಿಂದೊಮ್ಮೆ ಹೊರಗಿನವರು ಬಂದು ಮೊಳೆ ಹೊಡೆದು ಒಂದು ಸೇತುವೆ ಕಟ್ಟಿಕೊಟ್ಟಿದ್ದರು. ಪದ್ಯವಿಲ್ಲದ ಸೇತುವೆಯನ್ನು ನಮ್ಮ ಹೊಳೆ ಒಂದು ಮಳೆಗಾಲವೂ ಇಟ್ಟುಕೊಳ್ಳಲಿಲ್ಲ. ದೋಣಿಯನ್ನಂತೂ ಮುಟ್ಟಿಸಿಕೊಳ್ಳುವುದೇ ಇಲ್ಲ.

ನಾನು ಕೆಲಸ ಹಿಡಿದೆ. ಮಾಹಿತಿಯನ್ನು ಸಾಲು ಸಾಲಾಗಿ ಜೋಡಿಸಿಡುವ ಡೇಟಾಬೇಸಿನ ಟೇಬಲ್ಲುಗಳ ಭಾಷೆ ನನಗೆ ಅಷ್ಟಾಗಿ ಬರುತ್ತಿರಲಿಲ್ಲ. ಅಂಥವರಿಗೆಂದೇ ಓಆರ್‌ಎಂ ಅನ್ನುವ, ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಒಂದು ಲೈಬ್ರರಿ ಇದೆ, ಒಳ್ಳೆಯ ದುಭಾಷಿ ಇದ್ದ ಹಾಗೆ. ನಾನು ಪೈಥಾನಿನಲ್ಲಿ ‘ವ್ಯಕ್ತಿ’ ಅಂತ ಒಂದು ಕ್ಲಾಸು, ಅಂದರೆ ಒಂದು ನಮೂನೆ, ಬರೆದರೆ ಅದು ತಾನೇ ಹೋಗಿ ಡೇಟಾಬೇಸಿನಲ್ಲಿ ಒಂದು ಟೇಬಲ್ ಮಾಡಿಕೊಂಡು ಬರುತ್ತದೆ. ‘ಪದ್ಯ’ ಅಂತ ಇನ್ನೊಂದು, ‘ವಸ್ತು’ ಅಂತ ಮತ್ತೊಂದು. ಪದ್ಯಕ್ಕೂ ವ್ಯಕ್ತಿಗೂ ಏನು ಸಂಬಂಧ, ಪದ್ಯಕ್ಕೂ ವಸ್ತುವಿಗೂ ಏನು ಸಂಬಂಧ, ಅದನ್ನು ಒಂದೊಂದು ಸಾಲಿನಲ್ಲಿ ತಿಳಿಸಿದರೆ ಮುಗಿಯಿತು. ಆಮೇಲೆ ಪಾಪಣ್ಣನವರ ಹೆಸರು ಹಿಡಿದು ಎಳೆದರೆ ಅದರ ಹಿಂದೆಯೇ ಸೇತುವೆಯೂ ಬರುತ್ತದೆ. ಒಂದು ಗಂಟಲಿಗೆ ಒಂದೇ ಪದ್ಯ ಅನ್ನುವುದನ್ನೂ ಅದಕ್ಕೆ ಹೇಳಿಕೊಟ್ಟೆ, ಚಾಚೂ ತಪ್ಪದೆ ಪಾಲಿಸಿತು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಬೇರೆಯೇ. ನೀವು ಏನು ಸೇರಿಸಿದರೂ ಅದು ಆಗಲೇ ಉಳಿಯುವುದಿಲ್ಲ, ಸುಮ್ಮನೆ ಗಾಳಿಯಲ್ಲಿ ಕಾದಿರುತ್ತದೆ. ಕೊನೆಗೆ ಕಮಿಟ್ ಅಂದಾಗಲೇ ನಿಲ್ಲುವುದು. ಇದನ್ನು ಮಾಡಿದವರು ಯಾರೋ ಹೂಂ ಅನ್ನುವುದರ ಬೆಲೆ ಗೊತ್ತಿದ್ದವರು ಅಂದುಕೊಂಡು ಪರದೆಗೆ ಕೈಮುಗಿದಿದ್ದೆ.

ಹಾಗೆ ಕೈಮುಗಿದವನೇ ಹೂಂಗುಡುವವರಿಗೆ ಅಂತ ಒಂದು ಜಾಗ ಮಾಡಿರಲಿಲ್ಲ. ಅದು ನನಗೆ ಹೊಳೆಯಲೇ ಇಲ್ಲ. ಊರಲ್ಲಿ ಯಾರನ್ನು ಕೇಳಿದರೂ ಪದ್ಯ ಹೇಳುವವರ ಹೆಸರು ಹೇಳುತ್ತಾರೆ, ಕೇಳುವವರದ್ದು ಯಾರೂ ಹೇಳುವುದಿಲ್ಲ. ನಾನೂ ಊರಿನವನೇ ತಾನೇ.

ಆ ಮಧ್ಯಾಹ್ನ ಪುಟ್ಟಗೌರಮ್ಮನವರ ಮನೆಗೆ ಹೋಗಿ ಜಗಲಿ ಮೇಲೆ ಕೂತೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಅವರ ಅಂಗಳದಲ್ಲಿ ಒಂದು ಗುಂಡಿಯಿದೆ, ಏನು ನೆಟ್ಟರೂ ಅಲ್ಲಿ ಬೇರು ಬಿಡುವುದಿಲ್ಲ. ಅದನ್ನೇ ನೋಡುತ್ತ ಕೇಳಿದೆ.

“ಅತ್ತೆ, ನಿಮ್ಮ ಪದ್ಯ ಏನನ್ನ ಹಿಡಿದಿದೆ?”

“ಈಗ ಯಾಕೋ ಅದು?”

“ಕಂಪ್ಯೂಟರ್ ಕೇಳುತ್ತೆ.”

“ಅದಕ್ಕೇನು ಅವಸರ? ಇಷ್ಟು ವರ್ಷ ಕೇಳಿದ ನೀನೇ ಕೇಳಲಿಲ್ಲ.” ಒಂದು ಕಾಳನ್ನು ಹಿಸುಕಿ ನನ್ನ ಕಡೆಗೆ ಎಸೆದರು. “ಏನೂ ಇಲ್ಲ ಅಂತ ಹಾಕ್ಕೊ. ಮುದುಕಿ ಸುಮ್ನೆ ಬಾಯಿಗೆ ಬಂದಿದ್ದು ಹಾಡ್ಕೋತಾಳೆ ಅಂತ.”

ನಾನು ಹಿಂದಿರುಗಿ ಬಂದು, ವಸ್ತುವಿನ ಜಾಗ ಖಾಲಿಯಿದ್ದರೂ ನಡೆಯುತ್ತದೆ ಅಂತ ಕ್ಲಾಸಿನಲ್ಲಿ ಒಂದು ಪದ ತಿದ್ದಿದೆ. ಡೇಟಾಬೇಸ್ ಒಪ್ಪಿಕೊಂಡಿತು. ಇಡೀ ಊರಿನಲ್ಲಿ ಅದೊಂದೇ ಖಾಲಿ.

ಮರುದಿನ ಮರಿಲಿಂಗಪ್ಪನವರು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದುಕೊಂಡೇ ಒಳಗೆ ಬಂದರು. “ಪುಟ್ಟಗೌರಮ್ಮನವರ ಪದ್ಯಕ್ಕೆ ವಸ್ತುವೇ ಇಲ್ವಲ್ಲಯ್ಯಾ!” ಅಂದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ. “ಸೇತುವೆ ಪದ್ಯ ಪೂರ್ತಿ ಬಾಯಿಗೆ ಬರೋದು ಪಾಪಣ್ಣನವರನ್ನ ಬಿಟ್ರೆ ಆಯಮ್ಮನಿಗೊಬ್ರಿಗೇ. ಇಬ್ರೂ ಒಂದೇ ಗುರುಗಳ ಹತ್ರ ಕೂತವರು. ಹೊಸಬರು ಕಲಿಯೋ ಹೊತ್ತಿಗೆ ಪಾಪಣ್ಣ ಇರಲ್ಲ. ನಾನು ಎಷ್ಟು ದಿನದಿಂದ ಎಂಥೆಂಥ ಲೆಕ್ಕ ಹಾಕ್ತಿದ್ದೆ ಗೊತ್ತಾ? ದೇವರು ದಾರಿ ತೋರಿಸ್ದ. ಅವರು ಆ ಖಾಲಿ ಪದ್ಯ ಬಿಟ್ಟು ಇದನ್ನ ಹಿಡಿದರೆ ಆಯ್ತು.”

ಇಬ್ಬರೂ ಸೇರಿ ಕೇಳಲು ಹೋದೆವು. ಪುಟ್ಟಗೌರಮ್ಮನವರು ಎಲ್ಲವನ್ನೂ ಕೇಳಿ, ಲೀಲಾಳ ಆರೋಗ್ಯ ವಿಚಾರಿಸಿದರು. ಪಾಪಣ್ಣನವರಿಗೆ ಶುಂಠಿ ಕಷಾಯ ಕಳಿಸುತ್ತೇನೆ ಅಂದರು. ಆಗಲಿ ಅನ್ನಲಿಲ್ಲ, ಆಗಲ್ಲ ಅನ್ನಲಿಲ್ಲ. ಮರಿಲಿಂಗಪ್ಪನವರು ಹೊರಟ ಮೇಲೆ ನನ್ನ ಮುಖವನ್ನೊಮ್ಮೆ ನೋಡಿ, ಶುಂಠಿ ಜಜ್ಜಲು ಒಳಗೆ ಹೋದರು.

ಅದಾಗಿ ಸ್ವಲ್ಪ ದಿನಕ್ಕೆ ಅವರಿಗೆ ಜ್ವರ ಬಂತು. ನಾನು ಎಂದಿನಂತೆ ಬೆಳಗ್ಗೆ ಹೋದಾಗ ಚಾಪೆಯ ಮೇಲೆ ಎದ್ದು ಕೂತಿದ್ದರು, ಗಂಟಲು ಕಟ್ಟಿ ಹೋಗಿತ್ತು. ಬಾಯಿ ತೆರೆದರೆ ಬರಿಯ ಗಾಳಿ. ಕಣ್ಣಲ್ಲಿ ನೀರು ತಂದುಕೊಂಡು ನೆಲಕ್ಕೆ ಕೈ ಬಡಿದರು. “ಒಂದು ದಿನ ಬಿಟ್ರೆ ಏನೂ ಆಗಲ್ಲ ಬಿಡಿ ಅತ್ತೆ. ನಿಮ್ಮದಕ್ಕೆ ವಸ್ತುವೇ ಇಲ್ವಲ್ಲ” ಅಂದು ಸಮಾಧಾನ ಹೇಳಿ, ಹೊದಿಕೆ ಹೊದಿಸಿ ಬಂದೆ.

ದಾರಿಯಲ್ಲಿ ಹುಸೇನಣ್ಣನ ಅಂಗಡಿ ಮುಂದೆ ನಿಂತು ಚಹಾ ಕೇಳಿದೆ. ಅವನು ಬೇರೆ ಎಲ್ಲರಿಗೂ ಕೊಟ್ಟ, ನನಗೆ ಕೊಡಲಿಲ್ಲ. ಮತ್ತೆ ಕೇಳಿದೆ. ನಾನಿದ್ದ ಜಾಗಕ್ಕೇ ಲೋಟ ತೊಳೆದ ನೀರು ಚೆಲ್ಲಿದ. ನೀರು ನೆಟ್ಟಗೆ ಹೋಗಿ ನನ್ನ ಹಿಂದಿನ ಮಣ್ಣಿನ ಮೇಲೆ ಬಿತ್ತು. ನನ್ನ ಪಂಚೆ ಒದ್ದೆಯಾಗಲಿಲ್ಲ. ಹುಸೇನಣ್ಣನಿಗೆ ಏನೋ ಕೋಪವಿರಬೇಕು ಅಂದುಕೊಂಡೆ. ಮನುಷ್ಯ ಇಂಥದ್ದಕ್ಕೆಲ್ಲ ಏನಾದರೊಂದು ಕಾರಣ ಹುಡುಕಿಕೊಳ್ಳುತ್ತಾನೆ. ಕಚೇರಿಯಲ್ಲಿ ಕೀಲಿಗಳನ್ನು ಒತ್ತಿದೆ, ಒಂದಕ್ಷರವೂ ಬೀಳಲಿಲ್ಲ. ಕೀಬೋರ್ಡ್ ಕೆಟ್ಟಿದೆ ಅಂದುಕೊಂಡೆ. ಆಗ ಮರಿಲಿಂಗಪ್ಪನವರು ಬಾಗಿಲಲ್ಲಿ ನಿಂತು, ನನ್ನ ಕುರ್ಚಿಯನ್ನೇ ನೋಡುತ್ತ, “ಇವನೆಲ್ಲಿ ಹೋದ ಇವತ್ತು? ಹೇಳದೆ ಹೋಗೋನಲ್ಲ” ಅಂದು ಹಿಂದಿರುಗಿದರು. ನಾನು ಎದ್ದು ನಿಂತು ಕೂಗಿದೆ. ಕೂಗಿದ್ದು ನನಗೇ ಕೇಳಿಸಲಿಲ್ಲ.

ಯಾವ ಬೀದಿಯಲ್ಲಿ ಓಡಿದೆನೋ ಗೊತ್ತಿಲ್ಲ. ಪುಟ್ಟಗೌರಮ್ಮನವರು ಗೋಡೆ ಹಿಡಿದುಕೊಂಡು ಬಾಗಿಲಿಗೇ ಬಂದು ನಿಂತಿದ್ದರು. ಕೈಯಲ್ಲಿ ಕಾಳುಮೆಣಸಿನ ಕಷಾಯದ ಲೋಟ. ಅವರ ಕಣ್ಣು ನನ್ನನ್ನು ಹುಡುಕಿ ಹಿಡಿಯಿತು. ಒಳಗೆ ಕೂರಿಸಿ, ನನ್ನ ಕಿರುಬೆರಳನ್ನು ತಮ್ಮ ಮುಷ್ಟಿಯಲ್ಲಿಟ್ಟುಕೊಂಡು, ಪಿಸುದನಿಯಲ್ಲಿ ಶುರುಮಾಡಿದರು. ಅದು ರಾಗವಲ್ಲ, ಕೆರೆತ. ಸಾಲು ಮುಗಿದಾಗಲೆಲ್ಲ ನಾನು ಹೂಂ ಅಂದೆ. ಪದ್ಯ ಕೊನೆ ಮುಟ್ಟುವಾಗ ನನ್ನ ಹೂಂ ನನ್ನ ಕಿವಿಗೆ ಬಿತ್ತು.

ಆಮೇಲೆ ಅವರು ತುಂಡು ತುಂಡಾಗಿ ಹೇಳಿದರು. ನಾನು ಮಡಿಲಕೂಸಾಗಿದ್ದಾಗ ಜ್ವರ ನೆತ್ತಿಗೇರಿ ಉಸಿರು ನಿಂತಿತ್ತಂತೆ. ನಮ್ಮಮ್ಮ ಹಿಡಿದಿದ್ದು ಸಂತೆಪೇಟೆಯ ಬಾವಿಯ ಪದ್ಯ, ಅದನ್ನು ಬಿಟ್ಟರೆ ಊರಿಗೇ ನೀರಿಲ್ಲ. ಪುಟ್ಟಗೌರಮ್ಮನವರು ಹಿಡಿದಿದ್ದು ತಮ್ಮ ಅಂಗಳದ ಸಂಪಿಗೆ ಮರದ ಪದ್ಯ. ಅವರ ಗುರುಗಳು ಆಗಿನ್ನೂ ಬದುಕಿದ್ದರು, ನಿಂತ ನಿಲುವಿನಲ್ಲೇ ನನಗೊಂದು ಪದ್ಯ ಕಟ್ಟಿಕೊಟ್ಟರು. ಇವರು ಸಂಪಿಗೆಯನ್ನು ಬಿಟ್ಟು ಅದನ್ನು ಹಿಡಿದರು, ಅಮ್ಮ ಎದುರಿಗೆ ಕೂತು ಹೂಂಗುಟ್ಟಿದಳು.

“ಅದಕ್ಕೇ ನಿನ್ನ ಕಲ್ಲು ನಿಲ್ಲಲಿಲ್ಲ ಮಗೂ. ಹಿಡಿಸ್ಕೊಂಡಿರೋರು ಇನ್ನೊಂದನ್ನ ಹಿಡಿಯಕ್ಕಾಗಲ್ಲ.”

“ಯಾಕೆ ಹೇಳಲಿಲ್ಲ ಅತ್ತೆ?”

“ಹೇಳಿದ್ರೆ ನೀನು ಹಂಗಿನಲ್ಲಿ ಬದುಕ್ತಿದ್ದೆ. ಸುಮ್ನೆ ಬದುಕಲಿ ಅಂತ.”

ನಾನು ನೇರವಾಗಿ ಕಚೇರಿಗೆ ಬಂದೆ. ಕೀಲಿಗಳು ಈಗ ಬೆರಳಿಗೆ ಸಿಗುತ್ತಿದ್ದವು. ನನ್ನ ಹೆಸರು ವ್ಯಕ್ತಿಗಳ ಟೇಬಲ್ಲಿನಲ್ಲಿ ಆಗಲೇ ಇತ್ತು, ಅದರ ಮುಂದೆ ಪದ್ಯವಿಲ್ಲದೆ. ಪುಟ್ಟಗೌರಮ್ಮನವರ ಪದ್ಯಕ್ಕೆ ನನ್ನನ್ನು ಜೋಡಿಸಬೇಕಾದರೆ ನಾನು ವಸ್ತುಗಳ ಟೇಬಲ್ಲಿನಲ್ಲೂ ಇರಬೇಕಿತ್ತು. ಬಾವಿ, ಗಡಿಯಾರದ ಕಂಬ, ಅರಳಿಕಟ್ಟೆಗಳ ಕೆಳಗೆ ಹೊಸ ಸಾಲು ತೆರೆದು ‘ನರಹರಿ’ ಅಂತ ಬರೆದೆ. ಎಲ್ಲಿದೆ ಅನ್ನುವ ಕಡೆ ‘ಕಚೇರಿ’ ಅಂತ ತುಂಬಿಸಿದೆ. ಸೇರಿಸಿದ್ದು ಇನ್ನೂ ಗಾಳಿಯಲ್ಲೇ ಕಾದಿತ್ತು. ಕಮಿಟ್ ಮಾಡದೆ ಎದ್ದು ಹೋದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸೇತುವೆಯ ಬಗ್ಗೆ ಊರಿಗೆ ಆಸೆ ಇರುತ್ತಿತ್ತು. ದೇವರ ಹೆಸರು ಹೇಳಿ ಕಮಿಟ್ ಮಾಡಿದೆ.

ಮರಿಲಿಂಗಪ್ಪನವರು ಸಂಜೆ ಬಂದರು. ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು, “ಇದೇನಯ್ಯಾ ಇದು? ತಮಾಷೆನಾ?” ಅಂದರು.

“ಅಲ್ಲ ಸಾರ್.” ನಡೆದದ್ದನ್ನು ಹೇಳಿದೆ.

ಅವರು ಕುರ್ಚಿ ಎಳೆದುಕೊಂಡು ಕೂತರು. ಬೆಳಗ್ಗೆ ನಾನು ಅವರನ್ನು ಕೂಗಿದ್ದು ನನ್ನ ಇದೇ ಕುರ್ಚಿಯಿಂದ. “ಲೀಲಾ ನೋವು ಶುರುವಾದ್ರೆ ಕರ್ಕೊಂಡು ಬರೋದು ಹ್ಯಾಗೆ ಅಂತ ಅವಳ ಗಂಡ ಬೆಳಗ್ಗೆ ಆಚೆ ದಡದಿಂದ ಕೂಗಿ ಕೇಳ್ದ. ಮಧ್ಯದಲ್ಲಿ ಹಲಗೆಯೇ ಇಲ್ಲ” ಅಂದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. “ನಾನಂತೂ ಇನ್ನು ಆಯಮ್ಮನ್ನ ಕೇಳಲ್ಲಪ್ಪ. ನನ್ನ ಬಾಯಲ್ಲಿ ಬರಲ್ಲ.”

“ನಾನು ಕೇಳ್ತೀನಿ” ಅಂದೆ.

ಅವರು ಬೇಡ ಅನ್ನಲಿಲ್ಲ. ಅವರನ್ನು ದೂರುವುದಕ್ಕಾಗುವುದಿಲ್ಲ.

ಮರುದಿನ ಬೆಳಗ್ಗೆ ಸ್ನಾನ ಮಾಡಿ, ದೇವರಿಗೆ ನಮಸ್ಕಾರ ಹಾಕಿ ಹೊರಟೆ. ನನಗೆ ಹೆದರಿಕೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಹುಸೇನಣ್ಣ ಅಂಗಡಿ ತೆರೆಯುತ್ತಿದ್ದ. “ಏನ್ ಸ್ವಾಮಿ, ನಿನ್ನೆ ನಮ್ಮ ಕಡೆ ತಲೆನೇ ಹಾಕಲಿಲ್ಲ, ದೊಡ್ಡೋರಾದ್ರಿ” ಅಂದು ಕೇಳದೆಯೇ ಚಹಾ ಕೊಟ್ಟ. ಬಿಸಿ ನಾಲಿಗೆಗೆ ತಾಗಿದಾಗ ಇಷ್ಟನ್ನು ಬಿಟ್ಟು ಹೋಗಬೇಕಲ್ಲ ಅನ್ನಿಸಿತು. ಮರಿಲಿಂಗಪ್ಪನವರು ಸ್ವಲ್ಪ ದೂರ ಬಿಟ್ಟು ನನ್ನ ಹಿಂದೆಯೇ ಬರುತ್ತಿದ್ದರು. ನಾನು ನೋಡಿಯೂ ನೋಡದಂತೆ ನಡೆದೆ.

ಪುಟ್ಟಗೌರಮ್ಮನವರ ಗಂಟಲು ಬಿಟ್ಟಿತ್ತು. ನಾನು ಎದುರಿಗೆ ಕೂತು, ಅವರು ಶುರುಮಾಡುವ ಮೊದಲೇ ಹೇಳಿದೆ.

“ಅತ್ತೆ, ನನ್ನದನ್ನ ಬಿಟ್ಟುಬಿಡಿ. ಸೇತುವೆಯದನ್ನ ಹಿಡೀರಿ. ಅಷ್ಟು ಮಕ್ಕಳು ಜಿಗಿದುಕೊಂಡು ಹೋಗ್ತವೆ. ಯಾವತ್ತೋ ಒಂದು ಬೀಳುತ್ತೆ. ಲೀಲಾ ಬೇರೆ ಹೀಗಿದಾಳೆ. ನಾನು ಒಬ್ಬನೇ, ಹೆಂಡತಿ ಮಕ್ಕಳು ಅಂತ ಇಲ್ಲ. ನಿಮ್ಮಿಂದ ಇಷ್ಟು ವರ್ಷ ಸಿಕ್ಕಿತು, ಸಾಕು.”

“ಆಯ್ತಾ ನಿನ್ನ ಹರಿಕಥೆ?”

“ಅತ್ತೆ…”

“ಸೇತುವೆ ಹೋದ್ರೆ ಊರೆಲ್ಲ ಸೇರಿ ಅಳುತ್ತೆ. ಊರು ದೊಡ್ಡದು, ಅತ್ತು ಸುಧಾರಿಸ್ಕೊಂಡು ಬೇರೆ ಏನಾದ್ರೂ ಹುಡುಕುತ್ತೆ. ನೀನು ಹೋದ್ರೆ ಅಳೋಕೆ ನಾನೊಬ್ಳೇ. ನನ್ನ ಕೈಲಿ ಒಬ್ಳೇ ಅಷ್ಟು ಅಳೋಕಾಗಲ್ಲ.”

“ಹಾಗಾದ್ರೆ ನಾನು ಹೂಂಗುಡಲ್ಲ” ಅಂದೆ. ಜೀವನದಲ್ಲಿ ಯಾರಿಗೂ ಆ ಮಾತು ಹೇಳಿರಲಿಲ್ಲ. “ನೀವು ಹೇಳಿ. ಗಾಳಿಗೆ ಹೋಗುತ್ತೆ. ಆಗ ಗಂಟಲು ಬಿಡುವಾಗುತ್ತೆ, ಸೇತುವೆಯದನ್ನ ಹೇಳ್ತೀರ.”

ಅವರು ನನ್ನನ್ನು ನೋಡಿದರು. ನೋವಾಗಿದ್ದು ಕಂಡಿತು. ಮಾತು ಬೆಳೆಸದೆ, ಸೆರಗು ಹೊದ್ದು, ಕಣ್ಣು ಮುಚ್ಚಿ, ಎತ್ತರದ ದನಿಯಲ್ಲಿ ಶುರುಮಾಡಿಯೇಬಿಟ್ಟರು.

ಆರದಿರು ಕಿರುದೀವಿಗೆಯೆ ನೀ.

ನಾನು ಹಲ್ಲು ಕಚ್ಚಿಕೊಂಡೆ. ಚಿಕ್ಕಂದಿನಿಂದ ಸಾಲು ಮುಗಿದ ಕಡೆ ತಾನಾಗಿ ಬರುತ್ತಿದ್ದ ಹೂಂ ಗಂಟಲಿಗೆ ಬಂದು ನಿಂತಿತು, ನುಂಗಿಕೊಂಡೆ. ಮಂಡಿಯ ಮೇಲಿದ್ದ ನನ್ನ ಕೈಯ ಅಂಚು ಬೆಳಗಿನ ಬೆಳಕಿನಲ್ಲಿ ತೆಳ್ಳಗಾಗುವುದನ್ನು ನೋಡುತ್ತಿದ್ದೆ.

“ಹೂಂ.”

ದನಿ ನನ್ನ ಬೆನ್ನ ಹಿಂದಿನಿಂದ, ಹೊಸಿಲಿನ ಕಡೆಯಿಂದ ಬಂತು. ಪುಟ್ಟಗೌರಮ್ಮನವರು ಕಣ್ಣು ತೆರೆಯಲಿಲ್ಲ, ಎರಡನೆಯ ಸಾಲಿಗೆ ಹೋದರು. ಅದು ಮುಗಿಯಿತು. ಮತ್ತೆ ಹೂಂ. ಆ ದನಿಗೆ ರೂಢಿಯಿರಲಿಲ್ಲ, ತಡವಾಗಿ ಬೀಳುತ್ತಿತ್ತು, ಒಡೆದಿತ್ತು. ತಿರುಗಿ ನೋಡಿದೆ. ಮರಿಲಿಂಗಪ್ಪನವರು ಹೊಸಿಲಿನಾಚೆ ಚಪ್ಪಲಿ ಬಿಟ್ಟು, ಬಾಗಿಲ ಚೌಕಟ್ಟಿಗೆ ಒರಗಿ ನೆಲದ ಮೇಲೆ ಕೂತಿದ್ದರು. ಮಡಿಲಲ್ಲಿದ್ದ ಮೊಬೈಲು ಗುನುಗುತ್ತಿತ್ತು. ಆಚೆ ದಡದಿಂದ, ಲೀಲಾಳ ಗಂಡನ ಕರೆ ಅಂತ ಇಬ್ಬರಿಗೂ ಗೊತ್ತಿತ್ತು. ಅವರು ಅದನ್ನು ಮುಟ್ಟಲಿಲ್ಲ. ಕೇಳುವಾಗ ಮಧ್ಯೆ ಏಳುವಂತಿಲ್ಲ.

“ಸಾರ್” ಅಂತ ಪಿಸುಗುಟ್ಟಿದೆ. “ಅನ್ನಬೇಡಿ ಸಾರ್. ನಿಮಗೆ ಕೈ ಮುಗೀತೀನಿ. ಲೀಲಾ…”

ಅವರ ಕಣ್ಣಿಂದ ನೀರು ಮೀಸೆಯ ಮೇಲೆ ಇಳಿದಿತ್ತು. ಮೂರನೆಯ ಸಾಲಿನ ಕೊನೆ ಬರುವುದನ್ನೇ ತಲೆಬಗ್ಗಿಸಿ ಕಾದರು, ಹೂಂ ಅಂದರು, ಆಮೇಲೆ ನನ್ನ ಕಡೆ ತಿರುಗಿದರು.

“ಆಗಲ್ಲಪ್ಪ,” ಅಂದರು.